ಚದುರಂಗದ ಮಣೆಯ ಮೇಲಿನ ಇಪ್ಪತ್ತು ಅಂಕಿಗಳ ಸಂಖ್ಯೆ

18446744073709551615.

ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದು ಓದಲು ಹೇಳಿದರೆ ಮಕ್ಕಳು ಮೊದಲು ಮಾಡುವ ಕೆಲಸ ಅಂಕಿಗಳನ್ನು ಎಣಿಸುವುದು. ಇಪ್ಪತ್ತು ಅಂಕಿಗಳಿವೆ ಎಂದು ತಿಳಿದ ಮೇಲೆ ಬಹುಪಾಲು ಮಕ್ಕಳು ಕೈಚೆಲ್ಲುತ್ತಾರೆ. ಇಷ್ಟು ದೊಡ್ಡ ಸಂಖ್ಯೆಯೊಡನೆ ಮಾಡಬಹುದಾದುದು ಏನೂ ಇಲ್ಲ, ಅದನ್ನು ನೋಡಿ ಬೆರಗಾಗುವುದಷ್ಟೇ ಉಳಿದಿರುವುದು ಎಂಬ ಭಾವನೆ ತರಗತಿಯಲ್ಲಿ ಬೇಗನೆ ಹರಡುತ್ತದೆ. ಆದರೆ ಇದು ಮನಬಂದಂತೆ ಬರೆದ ಅಂಕಿಗಳ ಸಾಲಲ್ಲ. ಇದು ಹುಟ್ಟಿದ ಬಗೆಯನ್ನು ಬಲ್ಲವರು ಇದರೊಳಗೆ ಅಡಗಿರುವ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಕೈಲೆಕ್ಕದಿಂದಲೇ ಹೊರತೆಗೆಯಬಹುದು. ಅದಕ್ಕೆ ಬೇಕಾದುದು ಘಾತಾಂಕಗಳ ಪರಿಚಯ ಮತ್ತು ಎರಡು ವರ್ಗಗಳ ವ್ಯತ್ಯಾಸದ ನಿತ್ಯಸಮೀಕರಣ, ಇಷ್ಟೆ. ಹಾಗೆ ಹೊರತೆಗೆಯುವ ದಾರಿಯಲ್ಲಿ ಗಣಿತ ಬೋಧನೆಯ ಒಂದು ಹಳೆಯ ಅಪಾಯವೂ ಎದುರಾಗುತ್ತದೆ: ನಾಲ್ಕಾರು ಉದಾಹರಣೆಗಳಲ್ಲಿ ಸರಿಯೆನಿಸಿದ್ದು ಎಲ್ಲೆಡೆಯೂ ಸರಿ ಎಂದು ನಂಬಿಬಿಡುವ ಅಪಾಯ.

ಕಥೆ ಮತ್ತು ಲೆಕ್ಕ

ಕಥೆ ಎಲ್ಲರಿಗೂ ತಿಳಿದದ್ದೇ. ಚದುರಂಗದ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನ ಮನೆಯ ಇಮ್ಮಡಿ ಕಾಳುಗಳನ್ನು ಇಡುತ್ತ ಅರವತ್ತನಾಲ್ಕು ಮನೆಗಳನ್ನು ತುಂಬಬೇಕು. ಅರಬ್ಬೀ ಬರಹಗಾರರು ಇದನ್ನು ಗೋಧಿಯ ಕಾಳಿನ ಕಥೆಯಾಗಿ ಹೇಳಿದರು. ಅಲ್‌ಬಿರೂನಿ ಸುಮಾರು 1000ನೇ ಇಸವಿಯಲ್ಲಿಯೇ ಈ ಮೊತ್ತವನ್ನು ಪೂರ್ಣವಾಗಿ ನೀಡಿದ್ದಾನೆ. ಕೇರಳದಲ್ಲಿ ಅದು ಅಂಬಲಪ್ಪುಳದ ಶ್ರೀಕೃಷ್ಣ ದೇವಾಲಯದ ಐತಿಹ್ಯ. ಅಲ್ಲಿ ಕಾಳು ಅಕ್ಕಿಯದು, ಆಟದಲ್ಲಿ ಸೋತವನು ರಾಜ, ಗೆದ್ದವನು ವೇಷ ಮರೆಸಿ ಬಂದ ಕೃಷ್ಣ. ತೀರಿಸಲಾಗದ ಆ ಸಾಲಕ್ಕೆ ಪ್ರತಿಯಾಗಿ ಹಾಲುಪಾಯಸದ ನೈವೇದ್ಯ ನಡೆಯುತ್ತ ಬಂದಿದೆ ಎನ್ನುತ್ತಾರೆ. ಕಾಸರಗೋಡು ಮತ್ತು ವಯನಾಡಿನ ಶಾಲೆಗಳಲ್ಲಿ ಈ ಐತಿಹ್ಯವನ್ನು ಕೇಳಿ ಬಲ್ಲ ಮಕ್ಕಳು ಸಿಗುವ ಸಂಭವ ಹೆಚ್ಚು. ಅವರ ಬಾಯಿಂದಲೇ ಕಥೆಯನ್ನು ಹೇಳಿಸಿ ಪಾಠವನ್ನು ತೊಡಗುವುದು ಒಳ್ಳೆಯದು.

ಆಂಧ್ರ ಸೀಮೆಯ ಶಿಕ್ಷಕರಿಗೆ ಇನ್ನೊಂದು ಆಧಾರ ದೊರೆಯುತ್ತದೆ. ಹನ್ನೊಂದನೆಯ ಶತಮಾನದವನೆಂದು ಎಣಿಸಲಾಗುವ ಪಾವುಲೂರಿ ಮಲ್ಲನನದೆಂದು ಹೇಳುವ ಒಂದು ತೆಲುಗು ಪದ್ಯದಲ್ಲಿ ಈ ಇಪ್ಪತ್ತು ಅಂಕಿಗಳೂ ಒಂದೂ ತಪ್ಪದೆ ಬಂದಿವೆ. ಪದ್ಯದಲ್ಲಿ ಅಂಕಿಗಳಿಲ್ಲ, ಪದಗಳಿವೆ. ಚಂದ್ರ ಎಂದರೆ ಒಂದು, ಅಗ್ನಿ ಎಂದರೆ ಮೂರು, ವೇದ ಎಂದರೆ ನಾಲ್ಕು, ಬಾಣ ಎಂದರೆ ಐದು, ಗಿರಿ ಎಂದರೆ ಏಳು, ಆನೆ ಎಂದರೆ ಎಂಟು, ಆಕಾಶ ಎಂದರೆ ಸೊನ್ನೆ. ಭೂತಸಂಖ್ಯೆ ಎಂದು ಕರೆಯುವ ಈ ಪದ್ಧತಿಯಲ್ಲಿ ಬಿಡಿ ಸ್ಥಾನದಿಂದ ತೊಡಗಿ ಎಡಕ್ಕೆ ಸಾಗಬೇಕು. ಆದುದರಿಂದ ಮೊದಲ ಪದ 5ನ್ನೂ ಕೊನೆಯ ಪದ 1ನ್ನೂ ಸೂಚಿಸುತ್ತದೆ. ಮಲ್ಲನನು ತೆಲುಗಿಗೆ ತಂದ ಗ್ರಂಥ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಅದು ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಸಂಸ್ಕೃತದಲ್ಲಿ ರಚಿತವಾಯಿತು. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತವು ಗಡಿಗಳನ್ನು ದಾಟಿ ಒಂದು ನುಡಿಯಿಂದ ಇನ್ನೊಂದು ನುಡಿಗೆ ಹೋದುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಗಡಿನಾಡಿನ ಶಿಕ್ಷಕರಿಗೆ ಬೇಕಾಗಿಲ್ಲ.

ಮಹಾವೀರಾಚಾರ್ಯನು ಏಕ, ದಶ, ಶತ ಎಂದು ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಇಪ್ಪತ್ತನೆಯದು ಮಹಾಶಂಖ. ಆ ಲೆಕ್ಕದಲ್ಲಿ ಈ ಸಂಖ್ಯೆಯ ಮೊದಲ ಅಂಕಿ 1 ನಿಂತಿರುವುದು ಮಹಾಶಂಖದ ಸ್ಥಾನದಲ್ಲಿ. ಆದರೆ ಈ ಹಳೆಯ ಹೆಸರುಗಳು ಗ್ರಂಥದಿಂದ ಗ್ರಂಥಕ್ಕೆ ಬೆಲೆ ಬದಲಿಸುತ್ತವೆ. ತರಗತಿಯಲ್ಲಿ ಓದಿಸಲು ಅವು ತಕ್ಕವಲ್ಲ. ಲಕ್ಷ ಮತ್ತು ಕೋಟಿ ಹಾಗಲ್ಲ. ಮಲಯಾಳ, ತಮಿಳು, ತೆಲುಗು, ಮರಾಠಿಗಳಲ್ಲಿಯೂ ಅವು ಅದೇ ಬೆಲೆಯಲ್ಲಿ ಬಳಕೆಯಲ್ಲಿವೆ. ಸಂಖ್ಯೆಯನ್ನು ಬಲದಿಂದ ಏಳೇಳು ಅಂಕಿಗಳಾಗಿ ಒಡೆದರೆ 184467 | 4407370 | 9551615 ಎಂಬ ಮೂರು ತುಂಡುಗಳು ಸಿಗುತ್ತವೆ. ಓದುವುದು ಹೀಗೆ: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ಆರನೆಯ ತರಗತಿಯ ಮಗುವೂ ಇದನ್ನು ಓದಬಲ್ಲುದು.

ಇನ್ನು ಮೊತ್ತ. ಅರವತ್ತನಾಲ್ಕು ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸುವ ಅಗತ್ಯವಿಲ್ಲ. ಗುಣೋತ್ತರ ಶ್ರೇಢಿಯ ಸೂತ್ರವೂ ಬೇಕಿಲ್ಲ. ಒಂದೇ ಒಂದು ಕಾಳನ್ನು ಹೊರಗಿನಿಂದ ಸಾಲ ತಂದು ಮೊದಲನೆಯ ಮನೆಗೆ ಹಾಕಬೇಕು. ಅಲ್ಲಿ ಈಗ ಎರಡು ಕಾಳುಗಳಾದವು. ಅವನ್ನು ಎರಡನೆಯ ಮನೆಗೆ ಸುರಿದರೆ ಅಲ್ಲಿ ನಾಲ್ಕಾದವು. ಅವನ್ನು ಮೂರನೆಯ ಮನೆಗೆ ಸುರಿದರೆ ಎಂಟು. ಹೀಗೆ ಸುರಿಯುತ್ತ ಹೋದಂತೆ ಪ್ರತಿ ಮನೆಯಲ್ಲಿಯೂ ಅದರ ಮುಂದಿನ ಮನೆಗೆ ಸಲ್ಲಬೇಕಾದಷ್ಟೇ ಕಾಳುಗಳು ಸೇರುತ್ತವೆ. ಕೊನೆಯ ಮನೆಯನ್ನು ಮುಟ್ಟಿದಾಗ ರಾಶಿ ಅರವತ್ತೈದನೆಯ ಮನೆಗೆ ಸಲ್ಲುವಷ್ಟು, ಎಂದರೆ 2⁶⁴ ಕಾಳುಗಳಷ್ಟು ಆಗಿರುತ್ತದೆ. ಸಾಲದ ಕಾಳನ್ನು ಹಿಂದಿರುಗಿಸಿದರೆ ಉಳಿಯುವುದು 2⁶⁴ − 1. ನಾಲ್ಕೈದು ಮನೆಗಳವರೆಗೆ ಹುಣಿಸೆಬೀಜಗಳಿಂದ ಇದನ್ನು ಮಾಡಿ ತೋರಿಸಿದರೆ ‘ಒಂದು ಕಳೆಯುವುದು’ ಎಲ್ಲಿಂದ ಬಂತೆಂಬುದನ್ನು ಮಕ್ಕಳು ಮತ್ತೆ ಕೇಳುವುದಿಲ್ಲ.

2⁶⁴ರ ಬೆಲೆಗೆ ಅರವತ್ತಮೂರು ಸಲ ಇಮ್ಮಡಿಸಬೇಕಿಲ್ಲ. ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256, ಅದರ ವರ್ಗ 65536, ಅದರ ವರ್ಗ 4294967296, ಅದರ ವರ್ಗ 18446744073709551616. ಆರೇ ಗುಣಾಕಾರಗಳು. ಕೊನೆಯ ಗುಣಾಕಾರವನ್ನು ಕೈಯಿಂದ ಮಾಡಲು ಒಂದು ಪುಟ ಹಿಡಿಯುತ್ತದೆ. ಮಾಡಿಸಲು ಯೋಗ್ಯವಾದ ಪುಟವದು.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಒಂದು ಗ್ರಾಮಿಗೆ ಸುಮಾರು ನಲವತ್ತು ಅಕ್ಕಿಕಾಳುಗಳೆಂದು ಹಿಡಿದರೆ ಮಣೆಯ ಮೇಲಿನ ಅಕ್ಕಿ 46,000 ಕೋಟಿ ಟನ್ನುಗಳಷ್ಟಾಗುತ್ತದೆ. ಜಗತ್ತು ಇಂದು ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನುಗಳ ಆಸುಪಾಸಿನದು. ಒಂಬೈನೂರು ವರ್ಷಗಳ ಬೆಳೆ ಬೇಕು. ಇದೇ ಸಂಖ್ಯೆ ‘ಹನೋಯಿಯ ಗೋಪುರ’ ಎಂಬ ಬಿಲ್ಲೆಗಳ ಆಟದಲ್ಲಿಯೂ ಬರುತ್ತದೆ: 64 ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳ ಸಂಖ್ಯೆ ಇದು. ಕಾಶಿಯ ದೇವಾಲಯವೊಂದರಲ್ಲಿ ಅರ್ಚಕರು ಚಿನ್ನದ ಬಿಲ್ಲೆಗಳನ್ನು ಸಾಗಿಸುತ್ತಿದ್ದಾರೆ ಎಂಬ ಕಥೆ ಆ ಆಟದೊಂದಿಗೆ ಹಬ್ಬಿದೆ. ಆಟವನ್ನು 1883ರಲ್ಲಿ ಹೊರತಂದವನು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ. ಕಾಶಿಯ ಕಥೆಯೂ ಅಲ್ಲಿಯೇ ಹೆಣೆದದ್ದು. ಶಿಕ್ಷಕರು ಅದನ್ನು ಇತಿಹಾಸವೆಂಬಂತೆ ಹೇಳದಿರುವುದು ಲೇಸು.

ಅಂಕಿಗಳನ್ನು ಮುಟ್ಟದೆ ತಿಳಿಯಬಹುದಾದುದು

ಎರಡರ ಘಾತಗಳ ಬಿಡಿ ಸ್ಥಾನದ ಅಂಕಿಗಳು 2, 4, 8, 6 ಎಂದು ನಾಲ್ಕರ ಸುತ್ತಿನಲ್ಲಿ ಮರಳುತ್ತವೆ. 64 ನಾಲ್ಕರಿಂದ ಭಾಗವಾಗುವುದರಿಂದ 2⁶⁴ರ ಕೊನೆಯ ಅಂಕಿ 6. ಒಂದು ಕಳೆದರೆ 5. ಸಂಖ್ಯೆಯನ್ನು ಬರೆಯುವ ಮೊದಲೇ ಅದು ಬೆಸವೆಂದೂ ಐದರಿಂದ ಭಾಗವಾಗುವುದೆಂದೂ ಗೊತ್ತಾಯಿತು. ಏಳರಿಂದ ಭಾಗಿಸಿದರೆ ಶೇಷವೆಷ್ಟು ಎಂದು ಮಗುವೊಂದು ಕೇಳಿದರೆ ಉದ್ದದ ಭಾಗಾಕಾರಕ್ಕೆ ಇಳಿಯಬೇಕಿಲ್ಲ. 8ನ್ನು 7ರಿಂದ ಭಾಗಿಸಿದಾಗ ಶೇಷ 1. 2⁶⁴ ಎಂದರೆ ಇಪ್ಪತ್ತೊಂದು ಎಂಟುಗಳ ಗುಣಲಬ್ಧಕ್ಕೆ ಇನ್ನೊಂದು ಎರಡನ್ನು ಗುಣಿಸಿದ್ದು. ಆದುದರಿಂದ ಅದರ ಶೇಷ 2, ಒಂದು ಕಳೆದ ಮೇಲೆ 1. ಅಂಕಿಗಳ ಮೊತ್ತ 87. ಅದು ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ಸಂಖ್ಯೆಯೂ ಹಾಗೆಯೇ.

ಈ ಸಣ್ಣ ತಿಳಿವಳಿಕೆಗೆ ಒಂದು ದೊಡ್ಡ ಉಪಯೋಗವಿದೆ. ಶಾಲೆಯ ಗಣಕಯಂತ್ರದಲ್ಲಿ ಲೆಕ್ಕಹಾಳೆಯ ತಂತ್ರಾಂಶವನ್ನು ತೆರೆದು 2⁶⁴ − 1ನ್ನು ಪೂರ್ಣಸಂಖ್ಯೆಯಾಗಿ ತೋರಿಸಲು ಆಜ್ಞಾಪಿಸಿದರೆ ಸಾಮಾನ್ಯವಾಗಿ ಕಾಣುವುದು 18446744073709600000. ಇಂತಹ ತಂತ್ರಾಂಶಗಳು ಹದಿನೈದು ಅಂಕಿಗಳವರೆಗೆ ಮಾತ್ರ ನಂಬಲರ್ಹ. ಉಳಿದ ಸ್ಥಾನಗಳನ್ನು ಸೊನ್ನೆಯಿಂದ ತುಂಬಿಬಿಡುತ್ತವೆ. ಎರಡರ ಘಾತದಿಂದ ಒಂದು ಕಳೆದರೆ ಬೆಸ ಸಂಖ್ಯೆಯೇ ಬರಬೇಕು, ಸೊನ್ನೆಯಲ್ಲಿ ಮುಗಿಯುವುದು ಸಾಧ್ಯವಿಲ್ಲ ಎಂದು ಎದ್ದುನಿಂತು ಹೇಳುವ ಮಗು ಯಂತ್ರವನ್ನೇ ತಿದ್ದಿದಂತಾಯಿತು. ವಿಚಿತ್ರವೆಂದರೆ ಅದೇ ಯಂತ್ರದ ಒಳಗೆ, 64 ಬಿಟ್‌ಗಳಲ್ಲಿ ಚಿಹ್ನೆಯಿಲ್ಲದೆ ಬರೆಯಬಹುದಾದ ಅತಿ ದೊಡ್ಡ ಪೂರ್ಣಸಂಖ್ಯೆ ಇದೇ: ಅರವತ್ತನಾಲ್ಕು ಸ್ಥಾನಗಳಲ್ಲಿಯೂ 1.

ಮಣೆಯನ್ನು ಮಡಚಿದಾಗ

ಈಗ ಅಪವರ್ತನಗಳು. ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು 3, 7, 11 ಎಂದು ಒಂದೊಂದರಿಂದ ಭಾಗಿಸಿ ನೋಡುತ್ತ ಕೂರುವುದು ಬೇಸರದ ಕೆಲಸ. ಮಣೆಯನ್ನೇ ನೋಡಿದರೆ ಕೆಲಸ ಹಗುರವಾಗುತ್ತದೆ.

ಮಣೆಯ ಮೊದಲ ನಾಲ್ಕು ಸಾಲುಗಳಲ್ಲಿ 32 ಮನೆಗಳು, ಉಳಿದ ನಾಲ್ಕು ಸಾಲುಗಳಲ್ಲಿ 32 ಮನೆಗಳು. ಒಂದನೆಯ ಮನೆಗೂ ಮೂವತ್ತಮೂರನೆಯದಕ್ಕೂ ನಡುವೆ ಮೂವತ್ತೆರಡು ಇಮ್ಮಡಿಗಳು; ಎರಡನೆಯದಕ್ಕೂ ಮೂವತ್ತನಾಲ್ಕನೆಯದಕ್ಕೂ ಅಷ್ಟೇ. ಹಾಗಾಗಿ ಎರಡನೆಯ ಅರ್ಧದ ಪ್ರತಿ ಮನೆಯಲ್ಲಿಯೂ ಮೊದಲನೆಯ ಅರ್ಧದ ಜೋಡಿಮನೆಯ 2³² ಪಟ್ಟು ಕಾಳುಗಳಿವೆ. ಇಡೀ ಮಣೆಯ ರಾಶಿಯು ಮೊದಲ ಅರ್ಧದ ರಾಶಿಯ (1 + 2³²) ಪಟ್ಟು, ಎಂದರೆ 4294967297 ಪಟ್ಟು. ಅದೇ ತರ್ಕದಿಂದ ಮೊದಲ ನಾಲ್ಕು ಸಾಲುಗಳ ರಾಶಿಯು ಮೊದಲ ಎರಡು ಸಾಲುಗಳ ರಾಶಿಯ (1 + 2¹⁶) ಪಟ್ಟು, ಎರಡು ಸಾಲುಗಳದು ಒಂದು ಸಾಲಿನ (1 + 2⁸) ಪಟ್ಟು, ಒಂದು ಸಾಲಿನದು ಅದರ ಮೊದಲ ನಾಲ್ಕು ಮನೆಗಳ (1 + 2⁴) ಪಟ್ಟು, ನಾಲ್ಕು ಮನೆಗಳದು ಮೊದಲೆರಡು ಮನೆಗಳ (1 + 2²) ಪಟ್ಟು, ಎರಡು ಮನೆಗಳದು ಮೊದಲ ಮನೆಯ (1 + 2) ಪಟ್ಟು. ಮೊದಲ ಮನೆಯಲ್ಲಿ ಇರುವುದು ಒಂದೇ ಕಾಳು. ಒಟ್ಟುಗೂಡಿಸಿ ಬರೆದರೆ,

2⁶⁴ − 1 = 3 × 5 × 17 × 257 × 65537 × 4294967297.

ಕಾಗದದ ಮೇಲೆ ಚದುರಂಗದ ಮಣೆಯನ್ನು ಬರೆದು, ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಎಂದು ಆರು ಸಲ ಮಡಚಿಸುವುದರಿಂದ ಏಳನೆಯ ತರಗತಿಯ ಮಕ್ಕಳಿಗೂ ಇದು ಕಣ್ಣಿಗೆ ಕಾಣುತ್ತದೆ. ಒಂಬತ್ತನೆಯ ತರಗತಿಯಲ್ಲಿ ಇದನ್ನೇ ಎರಡು ವರ್ಗಗಳ ವ್ಯತ್ಯಾಸವು ಅವುಗಳ ಮೂಲಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧವೆಂಬ ನಿತ್ಯಸಮೀಕರಣವನ್ನು ಆರು ಬಾರಿ ಬಳಸಿ ಪಡೆಯಬಹುದು. ಎರಡು ದಾರಿಗಳೂ ಒಂದೇ ಎಂದು ತೋರಿಸುವುದಕ್ಕೆ ಒಂದು ಅವಧಿ ಸಾಕು. ನಿತ್ಯಸಮೀಕರಣವು ಪರೀಕ್ಷೆಗಾಗಿ ಇರುವ ವಸ್ತುವಲ್ಲ, ಕೆಲಸ ಮಾಡುವ ಉಪಕರಣ ಎಂಬುದು ಇಂತಹ ಕಡೆಗಳಲ್ಲಿ ಹೇಳದೆಯೇ ಮನದಟ್ಟಾಗುತ್ತದೆ.

ಫರ್ಮಾನ ಊಹೆ

ಈ ಆರು ಅಪವರ್ತನಗಳಲ್ಲಿ 3, 5, 17 ಅವಿಭಾಜ್ಯಗಳೆಂದು ಮಕ್ಕಳು ಬಲ್ಲರು. 257ನ್ನು 13ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಅದೂ ಅವಿಭಾಜ್ಯವೆಂದು ತಿಳಿಯುತ್ತದೆ. 65537 ಸಹ ಅವಿಭಾಜ್ಯವೇ. ಎಲ್ಲವೂ ಒಂದೇ ಅಚ್ಚಿನಿಂದ ಬಂದವು: ಒಂದರಿಂದ ತೊಡಗಿ ಘಾತಾಂಕವನ್ನು ಇಮ್ಮಡಿಸುತ್ತ 2ರ ಘಾತಕ್ಕೆ 1 ಕೂಡಿಸಿದವು. ಐದಕ್ಕೆ ಐದೂ ಅವಿಭಾಜ್ಯ. ಇಲ್ಲಿ ನಿಲ್ಲಿಸಿ, ಆರನೆಯದಾದ 4294967297 ಏನಾಗಿರಬಹುದೆಂದು ತರಗತಿಯನ್ನು ಕೇಳಬೇಕು. ಬಹುತೇಕ ಎಲ್ಲರೂ ಅವಿಭಾಜ್ಯವೆಂದೇ ಹೇಳುತ್ತಾರೆ.

ಹಾಗೆ ಹೇಳಿದವರಲ್ಲಿ ಪಿಯರ್ ದ ಫರ್ಮಾನೂ ಒಬ್ಬ. ತುಲೂಸ್ ನಗರದ ನ್ಯಾಯಾಧಿಕಾರಿಯಾಗಿದ್ದು ಬಿಡುವಿನಲ್ಲಿ ಗಣಿತ ಮಾಡುತ್ತಿದ್ದ ಆತ 1640ರಲ್ಲಿ ಬರೆದ ಪತ್ರಗಳಲ್ಲಿ, ಈ ಅಚ್ಚಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ತನಗೆ ನಂಬಿಕೆಯಿರುವುದಾಗಿಯೂ ಪೂರ್ಣ ಸಾಧನೆ ಮಾತ್ರ ದೊರೆತಿಲ್ಲವೆಂದೂ ತಿಳಿಸಿದ. ಸಂಖ್ಯಾಶಾಸ್ತ್ರದಲ್ಲಿ ಆ ಕಾಲಕ್ಕೆ ಅವನಿಗೆ ಸಮನಾದವರು ಇರಲಿಲ್ಲ. ಆದುದರಿಂದ ಅವನ ಊಹೆಗೆ ತೂಕವಿತ್ತು. ಸುಮಾರು ತೊಂಬತ್ತು ವರ್ಷ ಅದು ಹಾಗೆಯೇ ಉಳಿಯಿತು. 1729ರಲ್ಲಿ ಗೋಲ್ಡ್‌ಬಾಕ್ ಇದರ ಬಗ್ಗೆ ತನ್ನ ತರುಣ ಮಿತ್ರ ಲಿಯೊನ್‌ಹಾರ್ಡ್ ಆಯ್ಲರನ ಗಮನ ಸೆಳೆದ. 1732ರಲ್ಲಿ ಆಯ್ಲರನು ತೋರಿಸಿದ್ದು ಇಷ್ಟು:

4294967297 = 641 × 6700417.

ಗುಣಾಕಾರವನ್ನು ಯಾರಾದರೂ ಪರೀಕ್ಷಿಸಬಹುದು. 6700417ರ 600 ಪಟ್ಟು 4020250200, 41 ಪಟ್ಟು 274717097, ಕೂಡಿಸಿದರೆ 4294967297. ಊಹೆ ಬಿದ್ದುಹೋಯಿತು.

641 ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. 2³² + 1ರ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು ಎಂಬುದನ್ನು ಆಯ್ಲರ್ ಸಾಧಿಸಿದ. (ಆ ಸಾಧನೆಗೆ ಬೇಕಾಗುವ ಮುಖ್ಯ ಉಪಕರಣ ಫರ್ಮಾನದೇ ಇನ್ನೊಂದು ಪ್ರಮೇಯ, ಊಹೆಯನ್ನು ಕೆಡವಿದ ಆಯುಧ ಅವನ ಮನೆಯಲ್ಲಿಯೇ ಇತ್ತು. ಪ್ರೌಢಶಾಲೆಯಲ್ಲಿ ಈ ಸಾಧನೆಯನ್ನು ಬಿಟ್ಟು ಫಲವನ್ನು ಮಾತ್ರ ಹೇಳಬಹುದು.) ಹೀಗಿರುವಾಗ ಪರೀಕ್ಷಿಸಬೇಕಾದ ಸಂಖ್ಯೆಗಳು 65, 129, 193, 257, 321, 385, 449, 513, 577, 641 ಎಂದು ಸಾಗುತ್ತವೆ. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೆಯ ಭಾಗಾಕಾರದಲ್ಲಿ ಶೇಷ ಸೊನ್ನೆ. ಮೂರು ತಂಡಗಳಿಗೆ ಹಂಚಿಕೊಟ್ಟರೆ ಹದಿನೈದು ನಿಮಿಷದ ಕೆಲಸ.

65537ನ್ನೂ ಇದೇ ಬಗೆಯಲ್ಲಿ ಒರೆಗೆ ಹಚ್ಚಬಹುದು. ಅಲ್ಲಿ 32ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯಗಳನ್ನು 256ರವರೆಗೆ ನೋಡಿದರೆ ಸಾಕು. ಅಂಥವು ಎರಡೇ: 97 ಮತ್ತು 193. ಮೊದಲನೆಯದರಿಂದ ಭಾಗಿಸಿದರೆ ಶೇಷ 62, ಎರಡನೆಯದರಿಂದ 110. ಅಲ್ಲಿಗೆ 65537 ಅವಿಭಾಜ್ಯವೆಂಬುದು ಮುಗಿದ ಮಾತು.

641 ಭಾಜಕವೆಂಬುದನ್ನು ಭಾಗಾಕಾರವೇ ಇಲ್ಲದೆ ಕಾಣುವ ಒಂದು ಸೊಗಸಾದ ದಾರಿಯೂ ಇದೆ. 641ನ್ನು ಎರಡು ಬಗೆಯಲ್ಲಿ ಬರೆಯಬಹುದು: 640 + 1, ಮತ್ತು 625 + 16. ಇಲ್ಲಿ 640 = 5 × 2⁷, 625 = 5⁴, 16 = 2⁴. ಈಗ

2³² = 16 × 2²⁸ = (641 − 625) × 2²⁸ = 641 × 2²⁸ − 5⁴ × 2²⁸ = 641 × 2²⁸ − 640⁴.

ಎರಡೂ ಕಡೆಗೆ 1 ಕೂಡಿಸಿದರೆ 2³² + 1 = 641 × 2²⁸ − (640⁴ − 1). ಬಲಗಡೆಯ ಮೊದಲ ಪದವನ್ನು 641 ಭಾಗಿಸುವುದು ಸ್ಪಷ್ಟ. ಎರಡನೆಯದಾದ 640⁴ − 1ನ್ನು ವರ್ಗಗಳ ವ್ಯತ್ಯಾಸವಾಗಿ ಬಿಡಿಸಿದರೆ (640² + 1)(640 + 1)(640 − 1). ನಡುವೆ ಇರುವುದೇ 641. ಒಂಬತ್ತನೆಯ ತರಗತಿಯ ಬೀಜಗಣಿತಕ್ಕೆ ಮೀರಿದ್ದು ಇದರಲ್ಲಿ ಯಾವುದೂ ಇಲ್ಲ. ಪಠ್ಯದ ಅಭ್ಯಾಸಗಳು ಮುಗಿದ ಮೇಲೆ ಚುರುಕಾದ ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ.

ಫರ್ಮಾನ ಪ್ರಸಂಗವನ್ನು ಕೇವಲ ಒಂದು ಸ್ವಾರಸ್ಯದ ಕಥೆಯಾಗಿ ಹೇಳಿ ಮುಂದೆ ಸಾಗಬಾರದು. ತರಗತಿಗಳಲ್ಲಿ ನಿಯಮಗಳು ಹುಟ್ಟುವ ಬಗೆ ಸಾಮಾನ್ಯವಾಗಿ ಹೀಗಿರುತ್ತದೆ: ಮೂರು ಉದಾಹರಣೆ, ಕೂಡಲೇ ‘ಆದುದರಿಂದ’ ಎಂಬ ಪದ, ಅದರ ಕೆಳಗೆ ಚೌಕಟ್ಟಿನೊಳಗೆ ನಿಯಮ. ಉದಾಹರಣೆಗಳು ಊಹೆಯನ್ನು ಹುಟ್ಟಿಸುತ್ತವೆ. ಊಹೆ ಹುಟ್ಟದೆ ಗಣಿತವಿಲ್ಲವಾದುದರಿಂದ ಅವು ಬೇಕೇ ಬೇಕು. ಆದರೆ ಸಾಲದ ಕಾಳಿನ ವಾದಕ್ಕೂ ಐದು ಅವಿಭಾಜ್ಯಗಳ ಸಾಲಿಗೂ ಇರುವ ಅಂತರವನ್ನು ಮಕ್ಕಳ ಮುಂದೆ ಬಿಚ್ಚಿಡಬೇಕು. ಸಾಲದ ಕಾಳನ್ನು ನಾಲ್ಕೇ ಮನೆಗಳಲ್ಲಿ ತೋರಿಸಿದರೂ ಅದು ಯಾವ ಮನೆಯಲ್ಲಿಯೂ ತಪ್ಪುವುದಿಲ್ಲ. ಒಂದು ಮನೆಯಿಂದ ಮುಂದಿನದಕ್ಕೆ ಹೋಗುವ ಕಾರಣವೇ ಅಲ್ಲಿ ಕಣ್ಣೆದುರು ಇದೆ. 3, 5, 17, 257, 65537 ಎಂಬ ಸಾಲಿನಲ್ಲಿ ಅಂತಹ ಕಾರಣ ಯಾವುದೂ ಇರಲಿಲ್ಲ, ಹೊಂದಿಕೆ ಮಾತ್ರ ಇತ್ತು. ‘ಇದು ಮುಂದಿನದಕ್ಕೂ ಏಕೆ ಸರಿ?’ ಎಂದು ಕೇಳುವ ಅಭ್ಯಾಸವು ಎರಡನ್ನೂ ಬೇರ್ಪಡಿಸುತ್ತದೆ. ಮನೆಮಾತಿನಲ್ಲಿ ಕಲಿಯುವ ಮಗುವಿಗೆ ಈ ‘ಏಕೆ’ಯನ್ನು ಕೇಳುವುದು ಸುಲಭ. ಶಾಲೆಯ ಹೊರಗೆ ಬೇರೆ ನುಡಿಯಲ್ಲಿ ದಿನ ಕಳೆಯುವ ಗಡಿನಾಡಿನ ಮಕ್ಕಳಿಗೆ ಕನ್ನಡ ಮಾಧ್ಯಮದ ಗಣಿತದ ಅವಧಿಯಲ್ಲಿ ಆ ಸೌಲಭ್ಯ ಇದೆ. ಅದನ್ನು ಸೂತ್ರಗಳ ಬಾಯಿಪಾಠದಲ್ಲಿ ಕಳೆದುಬಿಟ್ಟರೆ ಆ ಮಾಧ್ಯಮದಿಂದ ಮಗು ಪಡೆದದ್ದು ಏನು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾದೀತು.

ಏಳು ಅವಿಭಾಜ್ಯಗಳು

6700417 ಅವಿಭಾಜ್ಯವೇ ಎಂಬುದು ಬಾಕಿ ಉಳಿದ ಪ್ರಶ್ನೆ. ಅದರ ಭಾಜಕಗಳೆಲ್ಲ 2³² + 1ರ ಭಾಜಕಗಳೂ ಹೌದು. ಆದುದರಿಂದ 64ರಿಂದ ಭಾಗಿಸಿದಾಗ ಶೇಷ 1 ಉಳಿಯುವವನ್ನೇ ನೋಡಬೇಕು. ವರ್ಗಮೂಲ ಸುಮಾರು 2588. ಅಲ್ಲಿಯವರೆಗೆ ಅಂತಹ ಸಂಖ್ಯೆಗಳು, 1ನ್ನು ಬಿಟ್ಟರೆ, ನಲವತ್ತು ಮಾತ್ರ, ಅವುಗಳಲ್ಲಿಯೂ ಹಲವು ಭಾಜ್ಯಗಳು. ಒಂದೂ 6700417ನ್ನು ಭಾಗಿಸುವುದಿಲ್ಲ. ಹೀಗೆ ಅಪವರ್ತನ ಪೂರ್ಣವಾಗುತ್ತದೆ:

18446744073709551615 = 3 × 5 × 17 × 257 × 641 × 65537 × 6700417.

ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಸಲ. ಯಾವುದೇ ಭಾಜಕವನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಭಾಜಕಗಳ ಒಟ್ಟು ಸಂಖ್ಯೆ 2⁷, ಎಂದರೆ 128. ಎರಡರ ಘಾತದಿಂದ ಹುಟ್ಟಿ, ಎರಡರಿಂದ ಭಾಗವಾಗದೆ, ಭಾಜಕಗಳ ಎಣಿಕೆಯಲ್ಲಿ ಮತ್ತೆ ಎರಡರ ಘಾತಕ್ಕೆ ಮರಳುವ ಸಂಖ್ಯೆಯಿದು.

ಇವುಗಳಲ್ಲಿ 3, 5, 17, 257, 65537 ಎಂಬ ಐದನ್ನು ಫರ್ಮಾ ಅವಿಭಾಜ್ಯಗಳೆಂದು ಕರೆಯುತ್ತಾರೆ. ಅವು ರೇಖಾಗಣಿತದಲ್ಲಿಯೂ ತಲೆಯೆತ್ತಿದವು: 1796ರಲ್ಲಿ ಹತ್ತೊಂಬತ್ತು ತುಂಬದ ಗೌಸ್, ಹದಿನೇಳು ಬಾಹುಗಳ ನಿಯತ ಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬಹುದೆಂದು ತೋರಿಸಿದ. ಆ ಅಚ್ಚಿನ ಆರನೆಯ ಅವಿಭಾಜ್ಯ ಇಂದಿನವರೆಗೂ ಯಾರಿಗೂ ದೊರೆತಿಲ್ಲ. 2³² + 1ರಿಂದ ಮುಂದಕ್ಕೆ ಪರೀಕ್ಷೆ ಮುಗಿದಿರುವ ಪ್ರತಿಯೊಂದೂ ಭಾಜ್ಯವಾಗಿಯೇ ಹೊರಬಿದ್ದಿದೆ. ಈ ನಿದರ್ಶನಗಳನ್ನು ಕಂಡು, ಉಳಿದವೆಲ್ಲವೂ ಭಾಜ್ಯಗಳೇ ಎಂದು ಈಗ ಹೇಳಿಬಿಡಬಹುದೇ ಎಂದು ತರಗತಿಯನ್ನು ಇನ್ನೊಮ್ಮೆ ಕೇಳಬಹುದು. ಈ ಸಲ ಕೈಯೆತ್ತುವವರು ಕಡಿಮೆಯಿರುತ್ತಾರೆ.

ಮಣೆಯ ಸಂಖ್ಯೆಗೆ ಎರಡು ಕೂಡಿಸಿದರೆ ಬರುವುದು 18446744073709551617, ಎಂದರೆ 2⁶⁴ + 1. ಅದೇ ಅಚ್ಚಿನ ಮುಂದಿನ ಸಂಖ್ಯೆ ಅದು. ಗಾತ್ರದಲ್ಲಿ ಎರಡಕ್ಕೂ ಅಂತರವಿಲ್ಲವೆಂದೇ ಹೇಳಬೇಕು. ಆದರೆ ಮಣೆಯನ್ನು ಮಡಚುವ ಉಪಾಯ ಅಲ್ಲಿ ನಡೆಯುವುದಿಲ್ಲ. ಅಲ್ಲಿರುವುದು ವರ್ಗಗಳ ವ್ಯತ್ಯಾಸವಲ್ಲ, ಮೊತ್ತ. ಅದು 274177 × 67280421310721 ಎಂದು ಬಿಡಿಸಿದ್ದು 1880ರಲ್ಲಿ, ಆಯ್ಲರನ ಫಲಿತಾಂಶ ಬಂದ 148 ವರ್ಷಗಳ ಬಳಿಕ. ಬಿಡಿಸಿದವನು ಫ್ರಾನ್ಸಿನ ಲಾಂದ್ರಿ. ಆಗ ಅವನಿಗೆ ಎಂಬತ್ತೆರಡು ವರ್ಷ.